ಐಸಮ್ಮನ ಸೌತೆ

ನಮ್ಮ ಅಡುಗೆಮನೆಯ ತಾರಸಿಯಿಂದ ಕಬ್ಬಿಣದ ಕೊಕ್ಕೆಗಳ ಒಂದು ಸಾಲು ಇಳಿದಿದೆ. ಮನೆಗೆ ಹೊಸಬರು ಬಂದರೆ ಅವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಉಡುಪಿಯ ಅಂಬಲಪಾಡಿಯಲ್ಲಿ ಈ ಮನೆ ಕಟ್ಟಿಸುವಾಗ, ಸ್ಲ್ಯಾಬ್ ಹಾಕುವ ಮುಂಚೆ, ನನ್ನ ಹೆಂಡತಿ ವಾರಿಜ ಇಂಜಿನಿಯರನ್ನು ಕರೆದು, "ಇಲ್ಲಿ ಕೊಕ್ಕೆ ಬೇಕು, ಈ ಗೋಡೆಯಿಂದ ಆ ಗೋಡೆಯ ತನಕ" ಎಂದಿದ್ದಳು. ಮಣಿಪಾಲದಲ್ಲಿ ಓದಿ ಬಂದಿದ್ದ ಆ ಯುವಕ ಮೊದಲು ನನ್ನ ಮುಖ ನೋಡಿದ, ಆಮೇಲೆ ನಮ್ಮಿಬ್ಬರ ನರೆತ ಕೂದಲನ್ನು ನೋಡಿದ, ಕೊನೆಗೆ ತುಂಬ ಸಂಕೋಚದಿಂದ, "ತೊಟ್ಟಿಲಿಗಾ ಸರ್?" ಎಂದು ಕೇಳಿದ. ಸೌತೆಕಾಯಿ ತೂಗಹಾಕುವುದಕ್ಕೆ ಎಂದು ವಾರಿಜ ಹೇಳಿದ ಮೇಲೂ ಅವನಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ.

ನೀವು ಕರಾವಳಿಯವರಾದರೆ ಇದನ್ನು ವಿವರಿಸುವ ಅಗತ್ಯವಿಲ್ಲ. ಅಲ್ಲದವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಸಾಂಬಾರಿನ ಸೌತೆ ಎಂದು ಒಂದಿದೆ. ಹಸಿಯಾಗಿ ಉಪ್ಪು ಸವರಿ ತಿನ್ನುವ ಸೌತೆಯಲ್ಲ, ಬೇಸಗೆಯಲ್ಲಿ ಹಳದಿಯಾಗಿ ಬಲಿಯುವ ದಪ್ಪ ಸೌತೆ. ಅದನ್ನು ಬಾಳೆನಾರಿನ ಕುಣಿಕೆಯಲ್ಲಿ ಕೂರಿಸಿ ಮಾಡಿಗೆ, ಅಂದರೆ ಸೂರಿಗೆ, ತೂಗಹಾಕಿದರೆ ತಿಂಗಳುಗಟ್ಟಲೆ ಕೊಳೆಯುವುದಿಲ್ಲ. ಮಳೆಗಾಲವಿಡೀ ಒಂದೊಂದನ್ನೇ ಇಳಿಸಿ ಅಡುಗೆ ಮಾಡಬಹುದು. ಹಂಚಿನ ಮನೆಗಳಲ್ಲಿ ಇದಕ್ಕೆ ಸೂರಿನ ಮರದ ಪಕ್ಕಾಸುಗಳಿದ್ದವು, ನಮ್ಮದು ಕಾಂಕ್ರೀಟಿನ ಮನೆ, ಆದ್ದರಿಂದ ಕೊಕ್ಕೆ. ಜೂನ್ ತಿಂಗಳಲ್ಲಿ ನಮ್ಮ ಅಡುಗೆಮನೆಗೆ ಹೋಗುವವರು ತಲೆ ತಗ್ಗಿಸಿಯೇ ಹೋಗಬೇಕು. ಇದರಿಂದ ನನ್ನಲ್ಲಿ ಸ್ವಲ್ಪ ವಿನಯ ಬಂದಿದೆ ಎಂದು ವಾರಿಜ ನೆಂಟರ ಹತ್ತಿರ ಹೇಳುವುದುಂಟು.

ಈಗ ದೀಪಾವಳಿ ಕಳೆದಿದೆ. ಮಳೆ ನಿಂತು, ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಕಾಣಿಸಲು ಶುರುವಾಗಿದೆ. ನಮ್ಮ ಮನೆಯಲ್ಲಿ ಇದು ಹಿತ್ತಿಲಿನ ಆಲೋಚನೆಯ ಕಾಲ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಈ ಆಲೋಚನೆಯ ಅಧ್ಯಕ್ಷತೆಯನ್ನು ನಾನೇ ವಹಿಸಿಕೊಂಡಿದ್ದೇನೆ. ಸಂಜೆ ಚಹಾ ಹಿಡಿದು ಜಗಲಿಯಲ್ಲಿ ಕುಳಿತು, ಮೊಬೈಲಿನಲ್ಲಿ ಯಾರ್‍ಯಾರೋ ಮಾಡಿದ ವಿಡಿಯೋ ನೋಡಿ, ಬಾವಿಯ ಬದಿಗೆ ಹೂಕೋಸು, ತೆಂಗಿನಮರದ ಆಚೆಗೆ ಕ್ಯಾರೆಟ್, ಗೋಡೆಗೆ ತಾಗಿ ಡ್ರ್ಯಾಗನ್ ಫ್ರೂಟ್ ಎಂದು ಕೈ ಬೀಸಿ ಹೇಳುತ್ತೇನೆ. ವಾರಿಜ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, ಹೂಂಗುಟ್ಟಿ, ಮರುದಿನ ಬೆಳಿಗ್ಗೆ ಎದ್ದು ತನಗೆ ಬೇಕಾದಲ್ಲಿ ಹರಿವೆ, ಅಲಸಂಡೆ ಬಿತ್ತುತ್ತಾಳೆ.

ಕಳೆದ ವರ್ಷ ಒಂದು ಮೂಲೆಯನ್ನು ನನಗೆ ಬಿಟ್ಟುಕೊಟ್ಟಿದ್ದಳು. ಅಲ್ಲಿ ಕ್ಯಾರೆಟ್ ಹಾಕಿದೆ. ನಮ್ಮ ಮುರಕಲ್ಲಿನ ಕೆಂಪು ಗಟ್ಟಿ ನೆಲ ನೋಡಿ ಅದಕ್ಕೆ ಏನನ್ನಿಸಿತೋ, ಕಿರುಬೆರಳಿನ ಗಾತ್ರಕ್ಕೆ ಬಂದು ಅಲ್ಲಿಗೇ ನಿಂತಿತು. ವಾರಿಜ ಅದನ್ನು ತೊಳೆದು, ಹೆಚ್ಚದೆ, ದೊಡ್ಡ ತಟ್ಟೆಯ ನಡುವೆ ಒಂದೇ ಒಂದನ್ನು ಇಟ್ಟು ಬಡಿಸಿದಳು. ನಾನೇನೂ ಬೇಸರಿಸಲಿಲ್ಲ, ಯಾಕೆಂದರೆ ಅವಳಲ್ಲೂ ಇಂಥದ್ದೊಂದು ಹುಚ್ಚಿದೆ. ಮಟ್ಟುವಿನ ಗುಳ್ಳ ಮಟ್ಟುವಿನ ಮಣ್ಣಿನಲ್ಲಿ ಬೆಳೆದರೇ ರುಚಿ ಎಂದು ಚೆನ್ನಾಗಿ ಗೊತ್ತಿದ್ದೂ ವರ್ಷವೂ ನಾಲ್ಕು ಬದನೆ ಸಸಿ ತಂದು ನೆಡುತ್ತಾಳೆ, ವರ್ಷವೂ ಮೊದಲ ಕಾಯಿಯ ಸಾಂಬಾರು ಬಾಯಿಗಿಟ್ಟು "ಹಾಗೆ ಆಗ್ಲಿಲ್ಲ ಅಲ್ವಾ?" ಎಂದು ನನ್ನನ್ನು ಕೇಳುತ್ತಾಳೆ.

ಆದರೆ ನಮ್ಮ ಆಲೋಚನೆಗೆ ಎಂದೂ ಬಾರದ ಬೆಳೆ ಒಂದಿತ್ತು. ಹಿತ್ತಿಲಿನಲ್ಲಿ ಒಳ್ಳೆಯ ಬಿಸಿಲು ಬೀಳುವ ಜಾಗ ಯಾವುದೋ ಅದು ಅದರದ್ದು. ಚರ್ಚೆ ಇಲ್ಲ. ಅದು ಐಸಮ್ಮನ ಸೌತೆಯ ಜಾಗ.

ನಾನು ಹುಟ್ಟಿ ಬೆಳೆದದ್ದು ಕಾಪುವಿನಲ್ಲಿ. ಅಮ್ಮ ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಮ್ಮ ಬಾಡಿಗೆ ಮನೆಗೂ ಪಕ್ಕದ ಐಸಮ್ಮನ ಮನೆಗೂ ನಡುವೆ ಒಂದು ಬೇಲಿ ಇತ್ತು. ಬೇಲಿ ಎಂದು ನಾವು ಕರೆಯುತ್ತಿದ್ದೆವು ಅಷ್ಟೆ, ಅದರಲ್ಲಿ ಬೇಲಿಗಿಂತ ಕಂಡಿಯೇ ಹೆಚ್ಚು. ಐಸಮ್ಮನ ಗಂಡ ಊರೂರಿಗೆ ಒಣಮೀನಿನ ವ್ಯಾಪಾರಕ್ಕೆ ಹೋಗುವ ಬ್ಯಾರಿಗಳು, ಎಂದರೆ ಕರಾವಳಿಯ ಮುಸಲ್ಮಾನರು. ಐಸಮ್ಮ ನಮ್ಮೊಡನೆ ಮಾತಾಡುವುದು ತುಳುವಿನಲ್ಲಿ, ಮಕ್ಕಳನ್ನು ಬೈಯುವುದು ಬ್ಯಾರಿ ಭಾಷೆಯಲ್ಲಿ. ನಾನು ಮಾಡಿದ ಪುಂಡಾಟಿಕೆಗಳ ಕಾರಣದಿಂದ ಬ್ಯಾರಿ ಭಾಷೆ ನನಗೂ ಸಾಕಷ್ಟು ಬರುತ್ತಿತ್ತು. ಸಂಜೆ ಅಮ್ಮ ಶಾಲೆಯಿಂದ ಬರುವುದೇ ತಡ, ಇಬ್ಬರೂ ಬೇಲಿಯ ಕಂಡಿಯ ಆಚೆ ಈಚೆ ನಿಂತು, ಸೆರಗಿನಲ್ಲಿ ಅದನ್ನೋ ಇದನ್ನೋ ದಾಟಿಸುತ್ತಿದ್ದರು. ಬಸಳೆಯ ದಂಟು, ಕೆಸುವಿನ ಗಡ್ಡೆ, ಮುಷ್ಟಿಯಲ್ಲಿ ಯಾವುದೋ ಬೀಜ. ನನಗೆ ಮಾತ್ರ ಎರಡೂ ಹಿತ್ತಿಲು ಒಂದೇ ಎಂಬ ಭಾವನೆ ಇದ್ದದ್ದರಿಂದ ಯಾವುದು ಯಾವ ಕಡೆಗೆ ಹೋಯಿತು ಎಂದು ಗಮನಿಸಿದವನಲ್ಲ.

ಐಸಮ್ಮನ ಮಗಳು ಝೊಹರ ನನ್ನದೇ ವಯಸ್ಸಿನವಳು. ನಮ್ಮ ಕಡೆ ಒಂದು ನಿಯಮವಿದೆ: ಬಳ್ಳಿಯಲ್ಲಿರುವ ಎಳೆಗಾಯಿಯನ್ನು ಬೆರಳು ಚಾಚಿ ತೋರಿಸಬಾರದು, ತೋರಿಸಿದರೆ ಅದು ಕೊಳೆತು ಉದುರುತ್ತದೆ. ತೋರಿಸಲೇಬೇಕೆಂದಿದ್ದರೆ ಬೆರಳನ್ನು ಮಡಚಿ ಗೆಣ್ಣಿನಿಂದ ತೋರಿಸಬೇಕು. ಬೇಲಿಯ ಎರಡೂ ಬದಿಗೆ ಈ ನಿಯಮ ಒಂದೇ ಆಗಿತ್ತು. ಝೊಹರ ಇದನ್ನು ಆಯುಧ ಮಾಡಿಕೊಂಡಿದ್ದಳು. ನಾನು ಸುಟ್ಟ ಗೇರುಬೀಜದಲ್ಲಿ ಪಾಲು ಕೊಡದಿದ್ದರೆ ಬೇಲಿಯ ಹತ್ತಿರ ನಿಂತು, ನಮ್ಮ ಬಳ್ಳಿಯ ಕಡೆಗೆ ಕೈ ಎತ್ತಿ, "ತೋರಿಸ್ತೇನೆ ನೋಡು, ಬೆರಳು ತೋರಿಸ್ತೇನೆ!" ಎನ್ನುತ್ತಿದ್ದಳು. ಬ್ಯಾಂಕಿನಲ್ಲಿದ್ದಾಗ ನನ್ನನ್ನು ಅನೇಕರು ಅನೇಕ ರೀತಿಯಲ್ಲಿ ಬೆದರಿಸಿದ್ದಾರೆ. ಅಷ್ಟು ಹೆದರಿಕೆ ನನಗೆ ಮತ್ತೆ ಆಗಿಲ್ಲ. ಗೇರುಬೀಜ ಪೂರ್ತಿ ಕೊಟ್ಟುಬಿಡುತ್ತಿದ್ದೆ.

ಆ ಬಳ್ಳಿಯದೇ ಸೌತೆ ಇದು. ನೋಡಲು ಅಂಥ ಚಂದವೇನಲ್ಲ. ಗಿಡ್ಡ, ಗುಂಡಗೆ, ಮೈಮೇಲೆ ಮಾಸಿದ ಬಿಳಿ ಗೀಟು. ಆದರೆ ಕಹಿ ಎಂಬುದು ಅದಕ್ಕೆ ಗೊತ್ತಿಲ್ಲ, ಬೆಂದರೂ ಹೋಳು ಕರಗುವುದಿಲ್ಲ, ತೂಗಹಾಕಿದರೆ ಮುಂದಿನ ಬಿತ್ತನೆಯ ತನಕ ಹಾಗೇ ಇರುತ್ತದೆ. ಮದುವೆಯಾಗಿ ವಾರಿಜ ಮನೆಗೆ ಬಂದ ವರ್ಷ ಅಮ್ಮ ಅವಳ ಅಂಗೈಯಲ್ಲಿ ಬೂದಿ ಬೆರೆಸಿದ ಬೀಜ ಇಟ್ಟು ಹೇಳಿದ್ದು ನನಗೆ ನೆನಪಿದೆ. "ಇದು ಐಸಮ್ಮನದ್ದು, ನಮ್ಮದಲ್ಲ. ಅವರು ಕೇಳಿದ ದಿನ ಕೊಡ್ಲಿಕ್ಕೆ ಇರ್ಬೇಕು." ಅಮ್ಮ ಹೋಗಿ ಎಷ್ಟೋ ಕಾಲವಾಯಿತು, ಐಸಮ್ಮನೂ ಹೋದರು. ಯಾರೂ ಕೇಳಲು ಬರಲಿಲ್ಲ. ವಾರಿಜ ಮಾತ್ರ ಒಂದು ವರ್ಷವೂ ತಪ್ಪಿಸದೆ ಬಿತ್ತಿದಳು, ಒಂದು ವರ್ಷವೂ ತಪ್ಪಿಸದೆ ಒಲೆಗೆ ಹತ್ತಿರದ ಕೊಕ್ಕೆಯಲ್ಲಿ ಬೀಜಕ್ಕೆಂದು ಒಂದು ಕಾಯಿಯನ್ನು ಉಳಿಸಿದಳು.

ಒಲೆಗೆ ಹತ್ತಿರದ ಕೊಕ್ಕೆಯ ಕಾಯಿ ಬೀಜಕ್ಕೆ ಎಂದು ನನಗೂ ಗೊತ್ತಿರಬೇಕಿತ್ತು. ಕರಾವಳಿಯ ಚಿಕ್ಕ ಮಕ್ಕಳಿಗೂ ಗೊತ್ತು, ಮಾಡಿನಲ್ಲಿ ಕೊನೆಗೆ ಉಳಿದದ್ದನ್ನು ಮುಟ್ಟಬಾರದು ಎಂದು. ಆದರೆ ನಾನು ಆ ಕೊಕ್ಕೆಗಳ ಕೆಳಗೆ ತಲೆ ತಗ್ಗಿಸಿ ಹೋದದ್ದೇ ಹೊರತು ತಲೆ ಎತ್ತಿ ನೋಡಿದವನಲ್ಲ.

ದೀಪಾವಳಿಯ ಬೆನ್ನಿಗೇ ಕಾರ್ಕಳದಲ್ಲಿ ವಾರಿಜನ ತಂಗಿಯ ಹೊಸ ಮನೆಯ ಒಕ್ಕಲು ಇತ್ತು. ನಾನೂ ಹೋಗಿ ಉಂಡು ಬಂದೆ. ವಾರಿಜ ತಂಗಿಗೆ ಸಹಾಯಕ್ಕೆಂದು ಅಲ್ಲಿಯೇ ಉಳಿದಳು. "ಹೋಟೆಲಿನಿಂದ ತಂದು ತಿನ್ನಿ ಮಾರಾಯ್ರೆ, ಒಲೆಯ ಹತ್ತಿರ ಹೋಗ್ಬೇಡಿ" ಎಂದು ಬಸ್ಸಿನ ಕಿಟಕಿಯ ಹತ್ತಿರ ಬಂದು ಹೇಳಿದಳು. ಉಡುಪಿಯಲ್ಲಿ ಹೋಟೆಲಿಗೆ ಬರವೇ? ಆದರೆ ಆ ಮಾತು ನನ್ನನ್ನು ಚುಚ್ಚಿತು. ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋದೆ. ಅಂದು ಮೊದಲ ಬಾರಿಗೆ ತಲೆ ಎತ್ತಿ ನೋಡಿದೆ. ಕೊಕ್ಕೆಗಳೆಲ್ಲ ಖಾಲಿ, ಒಂದರಲ್ಲಿ ಮಾತ್ರ ಒಂದು ಸೌತೆ ಒಂಟಿಯಾಗಿ ತೂಗುತ್ತಿತ್ತು. ಪಾಪ, ಇವಳು ಮರೆತಿದ್ದಾಳೆ ಎಂದುಕೊಂಡೆ.

ಇಳಿಸಿದೆ, ಕೊಯ್ದೆ, ಸಾಂಬಾರು ಮಾಡಿದೆ. ಅಲ್ಲಿಗೇ ನಿಂತಿದ್ದರೆ ಬಚಾವಾಗುತ್ತಿದ್ದೆ. ಆದರೆ ತಿರುಳು ಮತ್ತು ಬೀಜ ಬೋಗುಣಿಯಲ್ಲಿ ಉಳಿದಿತ್ತು. ಸೌತೆಯ ಬೀಜವನ್ನು ಬಿಸಾಡದೆ, ಅರೆದು, ಸೋಸಿ, ಒಗ್ಗರಣೆ ಕೊಟ್ಟು ಅಮ್ಮ ಮಾಡುತ್ತಿದ್ದ ಸಾರು ನೆನಪಾಯಿತು. ಎಂಥ ಸಾರು ಅದು! ಒಂದು ಬೀಜವನ್ನೂ ಹಾಳುಮಾಡದೆ ಪೂರ್ತಿ ಮಿಕ್ಸಿಗೆ ಹಾಕಿದೆ. ಹದವಾಗಿ ಬಂತು. ಸಂತೋಷ ತಡೆಯಲಾರದೆ ಒಂದು ಫೋಟೋ ತೆಗೆದು, "ನಿನ್ನ ಕೊನೆಯ ಸೌತೆಯ ಬೀಜದ ಸಾರು. ಒಂದಿಷ್ಟೂ ವೇಸ್ಟ್ ಇಲ್ಲ" ಎಂದು ಬರೆದು ವಾಟ್ಸಾಪಿನಲ್ಲಿ ವಾರಿಜನಿಗೆ ಕಳುಹಿಸಿದೆ. ನೀಲಿ ಗೆರೆಗಳು ಕೂಡಲೇ ಬಂದವು, ಉತ್ತರ ಬರಲಿಲ್ಲ. ಮೆಚ್ಚಿಕೆಯಿಂದ ಮಾತೇ ಹೊರಡುತ್ತಿಲ್ಲ ಎಂದು ನಾನು ತಿಳಿದುಕೊಂಡೆ.

ಮಧ್ಯಾಹ್ನದ ಬಸ್ಸಿಗೇ ವಾರಿಜ ಬಂದಿಳಿದಳು. ಚೀಲವನ್ನೂ ಕೆಳಗಿಡದೆ ನೇರ ಅಡುಗೆಮನೆಗೆ ಹೋಗಿ, ಗಾಳಿಗೆ ಆಡುತ್ತಿದ್ದ ಬಾಳೆನಾರಿನ ಕುಣಿಕೆಯನ್ನು ನೋಡಿದಳು.

"ಬೀಜ ಎಲ್ಲವೂ ಅರೆದದ್ದಾ?"

"ಎಲ್ಲವೂ" ಎಂದೆ. ಆ ಹೊತ್ತಿಗೆ ನನಗೆ ಸ್ವಲ್ಪ ಸ್ವಲ್ಪವೇ ಅರ್ಥವಾಗತೊಡಗಿತ್ತು.

"ಒಂದು? ಒಂದಾದ್ರೂ ಕೆಳಗೆ ಬಿದ್ದದ್ದು ಉಂಟಾ?"

ನಾನು ಮೇಜಿನ ಕೆಳಗೆ, ಸಿಂಕಿನ ಬದಿಯಲ್ಲಿ ಬಗ್ಗಿ ಹುಡುಕಿದೆ. ದುರದೃಷ್ಟಕ್ಕೆ ಅಂದು ಅಡುಗೆಮನೆಯನ್ನು ಸಹ ಚೊಕ್ಕಟವಾಗಿ ಗುಡಿಸಿ ಒರೆಸಿದ್ದೆ. ವಾರಿಜ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಸ್ಟೂಲಿನ ಮೇಲೆ ಕುಳಿತುಕೊಂಡು, "ಅತ್ತೆ ನನ್ನನ್ನು ನಂಬಿ ಕೊಟ್ಟದ್ದು" ಎಂದಳು. ಅವಳ ಕಣ್ಣು ತುಂಬಿತ್ತು. ಅದಕ್ಕಿಂತ ನಾಲ್ಕು ಬೈದಿದ್ದರೆ ನನಗೆ ಸುಖವಾಗುತ್ತಿತ್ತು.

ಮರುದಿನದಿಂದ ಬೀಜದ ಬೇಟೆ ಶುರುವಾಯಿತು. ಸೌತೆ ಬಿತ್ತುವ ಕಾಲ ಎದುರಿಗೇ ಇತ್ತು, ವಾರಿಜ ತರಗೆಲೆಯೊಂದಿಗೆ ಸುಟ್ಟು, ಮಡಿಗೆ ಹಾಕುವ ಸುಡುಮಣ್ಣನ್ನೂ ತಯಾರು ಮಾಡಿಟ್ಟಿದ್ದಳು. ಅವಳು ವರ್ಷ ವರ್ಷ ಯಾರಿಗೆಲ್ಲ ಬೀಜ ಕೊಟ್ಟಿದ್ದಳೋ ಅವರನ್ನೆಲ್ಲ ವಿಚಾರಿಸಿದೆವು. ಕಾರ್ಕಳದ ತಂಗಿಯ ಹಿತ್ತಿಲಿನಲ್ಲಿ ನವಿಲುಗಳು ಮೊಳಕೆಯನ್ನೇ ಕುಕ್ಕಿ ತಿನ್ನುತ್ತಿದ್ದುದರಿಂದ ಅವರು ಸೌತೆಯನ್ನೇ ಬಿಟ್ಟಿದ್ದರು. ಪಕ್ಕದ ಮನೆಯ ಲೀಲಕ್ಕ, "ನಮ್ಮದು ಹಿಂದೆ ಮುಂದೆ ಎಲ್ಲ ಇಂಟರ್‌ಲಾಕ್ ಹಾಕಿಸಿ ಆಯ್ತಲ್ವಾ ಮಾರಾಯ್ರೆ, ಇನ್ನು ಎಂತ ಸೌತೆ? ಗುಡಿಸ್ಲಿಕ್ಕೆ ಸುಖ ಉಂಟು" ಎಂದರು. ನಾನು ಪೇಟೆಗೆ ಹೋಗಿ ಕಂಡ ಕಂಡ ಸೌತೆಯನ್ನೆಲ್ಲ ಹೊತ್ತು ತಂದು ವಾರಿಜನ ಮುಂದೆ ಇಟ್ಟೆ. ಅವಳು ಒಂದೊಂದನ್ನೂ ತಿರುಗಿಸಿ ನೋಡಿ, "ಸಾಂಬಾರಿಗೆ ಆದೀತು" ಎಂದಳು.

"ಐಸಮ್ಮನ ಮನೆಯಲ್ಲೇ ಕೇಳಿದರೆ ಹೇಗೆ?" ಎಂದೆ. ಝೊಹರ ತಾಯಿಯ ಮನೆಯಲ್ಲೇ ಇದ್ದಾಳೆ, ಅವಳ ಗಂಡ ಗಲ್ಫ್ ಬಿಟ್ಟು ಬಂದು ಕಾಪು ಪೇಟೆಯಲ್ಲಿ ಅಂಗಡಿ ಇಟ್ಟಿದ್ದಾನೆ ಎಂದು ನನಗೆ ಗೊತ್ತಿತ್ತು.

ವಾರಿಜ ನನ್ನನ್ನು ದುರುಗುಟ್ಟಿ ನೋಡಿದಳು. "ಯಾವ ಮುಖ ಇಟ್ಕೊಂಡು ಕೇಳುದು? ಅವರು ಕೇಳಿದ್ರೆ ಕೊಡ್ಲಿಕ್ಕೆ ಇರ್ಬೇಕು ಅಂತ ಅತ್ತೆ ಹೇಳಿದ್ದು. ನಿಮ್ಮ ಬೀಜ ನಾವು ಸಾರು ಮಾಡಿ ಕುಡಿದೆವು, ಇನ್ನೊಮ್ಮೆ ಕೊಡಿ ಅಂತ ನಾವೇ ಹೋಗುದಾ?"

ಮಾತು ನ್ಯಾಯವಾಗಿತ್ತು. ಆದರೆ ಭಾನುವಾರ ಬೆಳಿಗ್ಗೆ ನಾನು ಏಳುವಾಗ ಅವಳು ಸೀರೆ ಉಟ್ಟು ತಯಾರಾಗಿದ್ದಳು. ಬೀಜ ಕೇಳಲು ಬರಿಗೈಯಲ್ಲಿ ಹೋಗಬಾರದು, ಇನ್ನೊಂದು ಬೀಜ ಕೊಟ್ಟು ತರಬೇಕು ಎಂದು ಕೆಂಪು ಹರಿವೆಯ ಬೀಜವನ್ನು ಪೊಟ್ಟಣ ಕಟ್ಟಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಳು. ಬಸ್ಸಿನಲ್ಲಿ ಕಾಪು ಮುಟ್ಟುವ ತನಕ ಆ ಪರ್ಸಿನಿಂದ ಕೈ ತೆಗೆಯಲಿಲ್ಲ.

ನಾವಿದ್ದ ಬಾಡಿಗೆ ಮನೆಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿಯ ಅಂಗಡಿ. ಬೇಲಿ ಇದ್ದಲ್ಲಿ ಕಾಂಪೌಂಡ್ ಗೋಡೆ. ಐಸಮ್ಮನ ಮನೆಗೆ ಮಹಡಿ ಬಂದಿತ್ತು. ಬಾಗಿಲು ತೆರೆದ ಝೊಹರ ಕನ್ನಡಕ ಸರಿಮಾಡಿ ನನ್ನನ್ನು ನೋಡಿ, "ಓ, ಟೀಚರ ಮಗ!" ಎಂದು ಕೂಗಿದಳು. ಈ ಪ್ರಾಯದಲ್ಲಿ ನನ್ನನ್ನು ಹಾಗೆ ಕರೆಯುವವರು ಲೋಕದಲ್ಲಿ ಇನ್ನು ಯಾರಿದ್ದಾರೆ? ನನಗೆ ಬಂದ ಕೆಲಸವೇ ಮರೆತುಹೋಯಿತು. "ಬನ್ನಿ ಅಕ್ಕ, ಬನ್ನಿ, ಇವನಿಗೆ ಈಗ ನೆನಪಾದದ್ದಾ ನಮ್ಮ ಮನೆ?" ಎಂದು ವಾರಿಜನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಶರಬತ್ತು ಬಂತು. ಯೋಗಕ್ಷೇಮ ಮುಗಿಯಿತು. ವಾರಿಜ ನನ್ನ ಕಡೆ ನೋಡಿದಳು. ನಾನು ಗಂಟಲು ಸರಿಮಾಡಿಕೊಂಡು, "ಝೊಹರ, ನಿಮ್ಮಲ್ಲಿ ಐಸಮ್ಮನ ಸೌತೆ ಇನ್ನೂ ಉಂಟಾ?" ಎಂದು ಕೇಳಿದೆ.

"ಐಸಮ್ಮನ ಸೌತೆಯಾ? ಅದೆಂತದ್ದು? ಹಾಗೆ ಹೇಳಿ ಎಂತದ್ದೂ ನಮ್ಮಲ್ಲಿ ಇಲ್ಲ."

ವಾರಿಜ ಗ್ಲಾಸನ್ನು ಮೆಲ್ಲಗೆ ಟೀಪಾಯಿಯ ಮೇಲೆ ಇಟ್ಟಳು. ನನಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಗ್ಲಾಸುಗಳನ್ನು ಒಳಗಿಡುವ ನೆಪದಲ್ಲಿ ಅವಳು ಎದ್ದು ಝೊಹರಳ ಹಿಂದೆ ಅಡುಗೆಮನೆಗೆ ಹೋದಳು. ಒಂದು ನಿಮಿಷ ಆಗಿರಲಿಕ್ಕಿಲ್ಲ, ಒಳಗಿನಿಂದ ಅವಳ ಸ್ವರ ಕೇಳಿತು. "ಇದೇ! ಮಾರಾಯ್ರೆ, ಇಲ್ಲಿ ಬನ್ನಿ, ಇದೇ!"

ಓಡಿ ಹೋದೆ. ಟೈಲ್ಸ್ ಹಾಕಿದ ಆ ಹೊಸ ಅಡುಗೆಮನೆಯ ಕಿಟಕಿಯ ಸರಳಿಗೆ ಎರಡು ಸೌತೆ ತೂಗುತ್ತಿದ್ದವು. ಗಿಡ್ಡ, ಗುಂಡಗೆ, ಮೈಮೇಲೆ ಮಾಸಿದ ಬಿಳಿ ಗೀಟು.

"ಇದಾ?" ಝೊಹರ ನಮ್ಮಿಬ್ಬರನ್ನೂ ಹುಚ್ಚರನ್ನು ನೋಡುವಂತೆ ನೋಡಿದಳು. "ಇದು ಟೀಚರ್ ಸೌತೆ ಅಲ್ವಾ? ನಿಮ್ಮದೇ ಅಲ್ವಾ ಇದು?"

ಅವಳೇ ಮುಂದುವರಿಸಿದಳು. "ಉಮ್ಮ ಸಾಯುವ ತನಕ ಹೇಳಿದ್ದು ಒಂದೇ. ಇದು ಟೀಚರ್ ಕೊಟ್ಟ ಬೀಜ, ನಮ್ಮದಲ್ಲ. ಅವರ ಮನೆಯಿಂದ ಯಾರಾದ್ರೂ ಬಂದು ಕೇಳಿದ್ರೆ ಇಲ್ಲ ಹೇಳ್ಲಿಕ್ಕೆ ಆಗ್ಬಾರದು ಅಂತ. ನಾನು ಒಂದು ವರ್ಷ ಕೂಡ ಬಿಡ್ಲಿಲ್ಲ ಗೊತ್ತುಂಟಾ? ಇವರು ಮನೆಯ ಹಿಂದೆ ಕೂಡ ಸಿಮೆಂಟ್ ಹಾಕುವ ಅಂತ ಹೇಳಿದ್ರು. ಟೀಚರ್ ಸೌತೆಗೆ ಜಾಗ ಬಿಟ್ಟು ಹಾಕಿ ಅಂತ ಹೇಳಿದೆ."

ವಾರಿಜ ಅಳುವುದಕ್ಕೂ ನಗುವುದಕ್ಕೂ ಒಟ್ಟಿಗೆ ಹೊರಟು, ಕೊನೆಗೆ ಎರಡನ್ನೂ ಮಾಡಿದಳು. ಅಮ್ಮ ತನ್ನ ಅಂಗೈಯಲ್ಲಿ ಬೀಜ ಇಟ್ಟು ಹೇಳಿದ ಮಾತನ್ನು ಅವಳು ಹೇಳುವಾಗ ಝೊಹರ ಅಲ್ಲಿಯೇ ಕುರ್ಚಿ ಎಳೆದು ಕುಳಿತುಬಿಟ್ಟಳು. ಬೇಲಿಯ ಯಾವ ಬದಿಯಿಂದ ಯಾವ ಬದಿಗೆ ಆ ಬೀಜ ಮೊದಲು ದಾಟಿತೋ ಹೇಳಬಲ್ಲವರು ಇಬ್ಬರೂ ಈಗ ಇಲ್ಲ. ಒಂದು ವರ್ಷ ಅಮ್ಮ ಕೊಟ್ಟಿರಬಹುದು, ಅಮ್ಮನದ್ದು ಕೊಳೆತುಹೋದ ವರ್ಷ ಐಸಮ್ಮ ತಿರುಗಿ ಕೊಟ್ಟಿರಬಹುದು. ತೆಗೆದುಕೊಂಡದ್ದು ಇಬ್ಬರಿಗೂ ನೆನಪಿತ್ತು, ಕೊಟ್ಟದ್ದನ್ನು ಇಬ್ಬರೂ ಮರೆತಿದ್ದರು. ಇದು ತನ್ನದು ಎಂದು ಒಬ್ಬರಿಗಾದರೂ ಅನ್ನಿಸಿದ್ದರೆ ಆ ಸೌತೆಯನ್ನು ನಾವು ಎಂದೋ ತಿಂದು ಮುಗಿಸುತ್ತಿದ್ದೆವು. ನಾನು ಕಿಟಕಿಯ ಆಚೆ ನೋಡುತ್ತ ನಿಂತೆ.

ಆಮೇಲೆ ಸಾರಿನ ಕತೆ ಹೊರಬಂತು. ಫೋಟೋ ಕಳುಹಿಸಿದ್ದನ್ನೂ ವಾರಿಜ ಬಿಡಲಿಲ್ಲ. ಝೊಹರ ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಅಲ್ಲ, ಒಂದು ಬೀಜ ಕೂಡ ಬಿಡ್ಲಿಲ್ವಾ ನೀನು? ಹೇಗಿತ್ತು ಸಾರು?"

ನಾನು ವಾರಿಜನ ಕಡೆ ನೋಡಿ, "ಸಾಧಾರಣ" ಎಂದೆ. ನಿಮ್ಮಲ್ಲಿ ಮಾತ್ರ ಹೇಳುತ್ತೇನೆ, ಅಂಥ ಸಾರನ್ನು ಅಮ್ಮ ಹೋದ ಮೇಲೆ ನಾನು ಉಂಡಿರಲಿಲ್ಲ.

ಝೊಹರ ಊಟ ಮಾಡಿಸದೆ ಬಿಡಲಿಲ್ಲ. ಪೇಟೆಯ ಸೌತೆಗೆ ಒಣಸಿಗಡಿ ಹಾಕಿದ ಪದಾರ್ಥ, ಐಸಮ್ಮನ ಕೈಯದೇ ರುಚಿ. ಹೊರಡುವಾಗ ಎರಡರಲ್ಲಿ ಒಂದು ಸೌತೆಯನ್ನು ಬಿಚ್ಚಿ, ಮಗುವನ್ನು ಕೊಡುವಂತೆ ವಾರಿಜನ ಎರಡೂ ಕೈಗೆ ಕೊಟ್ಟಳು. ಹರಿವೆಯ ಪೊಟ್ಟಣ ಅವಳ ಕೈಗೆ ಹೋಯಿತು. ಬಸ್ಸಿನಲ್ಲಿ ಸೌತೆ ವಾರಿಜನ ಮಡಿಲಿನಲ್ಲೇ ಕುಳಿತಿತ್ತು. ನಾನು ಹಿಡಿದುಕೊಳ್ಳುತ್ತೇನೆ ಎಂದರೆ ಕೊಡಲಿಲ್ಲ.

ಬಿಸಿಲು ಬೀಳುವ ಆ ಜಾಗದಲ್ಲಿ ಈಗ ಸುಡುಮಣ್ಣಿನ ಮಡಿ ಎದ್ದಿದೆ. ಹೂಕೋಸಿನ ವಿಷಯವನ್ನು ಈ ವರ್ಷ ನಾನು ಎತ್ತಿಲ್ಲ. ಕ್ಯಾರೆಟಿಗೆ ಕೊಟ್ಟಿದ್ದ ಮೂಲೆಯನ್ನೂ ನಾನಾಗಿಯೇ ಬಿಟ್ಟುಕೊಟ್ಟೆ. ಎರಡು ಕಡೆ ಬಿತ್ತಿದರೆ ಒಂದು ಕಡೆಯದಾದರೂ ಉಳಿಯುತ್ತದೆ ಎಂದು ವಾರಿಜ ಅಲ್ಲಿಯೂ ಸೌತೆಯನ್ನೇ ಹಾಕಿದಳು. ಅಡುಗೆಮನೆಯ ಪ್ರವೇಶ ನನಗೆ ಇನ್ನೂ ಇದೆ, ಕೊಕ್ಕೆಗಳನ್ನು ಮುಟ್ಟುವ ಅಧಿಕಾರ ಇಲ್ಲ.

ಇವತ್ತು ಬೆಳಿಗ್ಗೆ ವಾರಿಜ ಮಡಿಯ ಹತ್ತಿರದಿಂದ ನನ್ನನ್ನು ಕೂಗಿ ಕರೆದಳು. ಮಣ್ಣು ಬಿರಿದು, ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತುಕೊಂಡು ಮೊದಲ ಮೊಳಕೆ ಎದ್ದಿತ್ತು. ಅಲ್ಲಿಂದಲೇ ಅವಳು ಝೊಹರಳಿಗೆ ವಿಡಿಯೋ ಕಾಲ್ ಮಾಡಿದಳು.

"ನೋಡಿ, ನಿಮ್ಮ ಸೌತೆ ಬಂತು!"

"ನಮ್ಮದಲ್ಲ ಅಕ್ಕ, ನಿಮ್ಮದು!"

"ಅಲ್ಲ ಮಾರಾಯ್ತಿ, ಐಸಮ್ಮನದ್ದು. ಅತ್ತೆ ಸುಳ್ಳು ಹೇಳುವವರಲ್ಲ."

"ಮತ್ತೆ ಉಮ್ಮ ಸುಳ್ಳು ಹೇಳುವವರಾ? ಟೀಚರದ್ದೇ ಅದು. ಎಲ್ಲಿ, ನನಗೆ ಕಾಣುದಿಲ್ಲ, ಸರಿ ತೋರಿಸಿ."

ವಾರಿಜ ಮೊಬೈಲನ್ನು ಮಡಿಯ ಹತ್ತಿರ ಹಿಡಿದಳು. ಎಲ್ಲಿದೆ ಎಂದು ತೋರಿಸಲು ನಾನು ಕೈ ಚಾಚಿದೆ. ಫೋನಿನೊಳಗಿನಿಂದ ಝೊಹರ, ಪಕ್ಕದಿಂದ ವಾರಿಜ, ಇಬ್ಬರೂ ಒಟ್ಟಿಗೆ "ಬೆರಳು!" ಎಂದು ಕಿರುಚಿದರು. ಅದಿನ್ನೂ ಕಾಯಿಯಲ್ಲ, ಬರೀ ಮೊಳಕೆ ಎಂದು ನಾನು ವಾದಿಸಬಹುದಿತ್ತು. ವಾದಿಸಲಿಲ್ಲ. ಬೆರಳನ್ನು ಮಡಚಿ, ಗೆಣ್ಣಿನಿಂದ, ತೋರಿಸಿದೆ.